ಸೆರೆಸಿಕ್ಕ ಬೇಟೆಹಕ್ಕಿಗಳೂ ಮನೆಯವರ ಆರೋಗ್ಯವೂ

ಗರುಡ, ಹದ್ದು, ಗಿಡುಗ, ಡೇಗೆ, ಗೂಬೆ ಮೊದಲಾದ ಬೇಟೆಹಕ್ಕಿಗಳು ರೈತನ ಹೊಲದ ಮೇಲೆ ದಿನವೂ ಹಾರಾಡುತ್ತಿದ್ದರೂ ಅವು ಮನುಷ್ಯನ ಕೈಗೆ ಸಿಕ್ಕುವುದು ಅಪರೂಪ. ಸಿಕ್ಕುವುದೂ ಸಾಮಾನ್ಯವಾಗಿ ಅವುಗಳಿಗೆ ಕಷ್ಟ ಬಂದಾಗಲೇ. ಆಷಾಢದ ಗಾಳಿಯಲ್ಲಿ ಹುಡುಗರು ಹಾರಿಸುವ ಗಾಳಿಪಟದ ಗಾಜುಪುಡಿ ಸವರಿದ ದಾರಕ್ಕೆ ರೆಕ್ಕೆ ಸಿಕ್ಕಿ ಹದ್ದು ಕೆಳಗೆ ಬೀಳುವುದುಂಟು. ವಿದ್ಯುತ್ತಿನ ತಂತಿ ತಗಲಿದ ಗೂಬೆಯು ಬೇಲಿಯ ಸಂದಿಯಲ್ಲಿ ಮುದುರಿಕೊಂಡು ಕುಳಿತಿರುವುದುಂಟು. ಹಳೆಯ ಮರವನ್ನು ಕಡಿಯುವಾಗ ಗೂಡಿನೊಡನೆ ಮರಿಗಳು ನೆಲಕ್ಕೆ ಉರುಳುವುದುಂಟು. ಕಂಡವರು ಅಂಥ ಹಕ್ಕಿಯನ್ನು ಎತ್ತಿಕೊಂಡು ಊರಿನ ಯಜಮಾನರ ಮನೆಯ ಜಗಲಿಗೆ ತರುವರು. ಮಕ್ಕಳು ಸುತ್ತುಗಟ್ಟುವರು, ಒಬ್ಬನು ರೆಕ್ಕೆಯನ್ನು ಬಿಡಿಸಿ ನೋಡುವನು, ಇನ್ನೊಬ್ಬನು ಕೊಕ್ಕನ್ನು ತೆರೆದು ನೀರು ಬಿಡುವನು. ಕತ್ತಲಾದ ಮೇಲೆ ಅದನ್ನು ಕೋಳಿಯ ಗೂಡಿನ ಪಕ್ಕದಲ್ಲಿ ಮಂಕರಿ ಕವಿಚಿ ಇಡುವರು. ಇದೆಲ್ಲವೂ ದಯೆಯಿಂದಲೇ ನಡೆಯುವುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ದಯೆಯೊಡನೆ ತಿಳಿವಳಿಕೆಯೂ ಸೇರದಿದ್ದರೆ, ಆ ಒಂದು ರಾತ್ರಿಯಲ್ಲಿಯೇ ಹಕ್ಕಿಯ ಜಾಡ್ಯವು ಕೋಳಿಗೂ, ಎರಡರಿಂದಲೂ ಮನೆಯವರಿಗೂ ಅಂಟಲು ದಾರಿಯಾಗಬಹುದು. ಈ ವಿಷಯದಲ್ಲಿ ಊರಿನ ಮುಖಂಡರೂ ಜಮೀನುದಾರರೂ ಏನು ಮಾಡತಕ್ಕದ್ದು, ಏನು ಮಾಡಕೂಡದು ಎಂಬುದನ್ನು ವಿಚಾರಮಾಡುವುದು ಅವಶ್ಯಕವಾಗಿದೆ.

ಹಿಂದಿನ ಕಾಲದಲ್ಲಿ ಬೇಟೆಹಕ್ಕಿಗಳನ್ನು ಹಿಡಿದು ಪಳಗಿಸುವುದು ಅರಸರ ವಿನೋದಗಳಲ್ಲಿ ಒಂದಾಗಿದ್ದಿತು. ಕಲ್ಯಾಣದ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥದಲ್ಲಿ ಗಿಡುಗದ ಬೇಟೆಯನ್ನು ಶ್ಯೇನವಿನೋದವೆಂಬ ಹೆಸರಿನಿಂದ ವರ್ಣಿಸಿದೆ. ಬೇಟೆಯ ಗಿಡುಗಕ್ಕೆ ಕನ್ನಡದಲ್ಲಿ ಸಾಳುವವೆಂದು ಹೆಸರಿದ್ದು, ವಿಜಯನಗರವನ್ನಾಳಿದ ಒಂದು ರಾಜವಂಶಕ್ಕೆ ಆ ಹೆಸರೇ ನಿಂತಿತು. ಆ ಕಾಲವು ಕಳೆದುಹೋಯಿತು. 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಜಾರಿಗೆ ಬಂದ ಮೇಲೆ ಭಾರತದಲ್ಲಿ ಕಾಡಿನ ಬೇಟೆಹಕ್ಕಿಗಳನ್ನು ಹಿಡಿಯುವುದಾಗಲಿ, ಸಾಕುವುದಾಗಲಿ, ಮಾರುವುದಾಗಲಿ ಅಪರಾಧವಾಗಿದೆ. ಆದಕಾರಣ ಈಗ ಹಳ್ಳಿಯಲ್ಲಿ ಸೆರೆಯಾಗಿರುವ ಬೇಟೆಹಕ್ಕಿಯೆಂದರೆ ಗಾಯಗೊಂಡು ಸಿಕ್ಕಿದ್ದು, ಗೂಡಿನಿಂದ ಕದ್ದು ತಂದ ಮರಿ, ಇಲ್ಲವೆ ಮಾಟಮಂತ್ರದ ಭ್ರಾಂತಿಯಿಂದ ಹಿಡಿದ ಗೂಬೆ, ಇವು ಮೂರೇ. ಅರಸರ ಗಿಡುಗಗಳನ್ನು ನೋಡಿಕೊಳ್ಳುವುದಕ್ಕೆ ಆ ಕಸಬನ್ನೇ ಬಲ್ಲ ಆಳುಗಳಿದ್ದರು, ಬೇರೆ ಮನೆಯಿತ್ತು. ಈಗಿನ ಹಕ್ಕಿಯನ್ನು ನೋಡಿಕೊಳ್ಳುವವರು ಮನೆಯ ಮಕ್ಕಳು; ಅದರ ಸೆರೆಮನೆಯು ಹಿತ್ತಲಿನ ಕೋಳಿಗೂಡಿನ ನೆರೆ. ಅಪಾಯವು ಅಲ್ಲಿಂದಲೇ ಆರಂಭವಾಗುವುದು.

ಬೇಟೆಹಕ್ಕಿಗಳಿಂದ ಹರಡಬಹುದಾದ ಜಾಡ್ಯಗಳಲ್ಲಿ ಈಗ ಎಲ್ಲಕ್ಕಿಂತಲೂ ಹೆಚ್ಚಾಗಿ ಗಮನಿಸತಕ್ಕದ್ದು ಹಕ್ಕಿಜ್ವರವು. ಈ ಜ್ವರದಲ್ಲಿ ಹಲವು ಬಗೆಗಳುಂಟು. ಅವುಗಳಲ್ಲಿ ಎಚ್5ಎನ್1 ಎಂಬುದು ಬಹಳ ಕ್ರೂರವಾದದ್ದು. ಈಗ ಲೋಕದಲ್ಲೆಲ್ಲಾ ಹರಡಿರುವ ಅದರ ಸಂತತಿಯು 1996ನೆಯ ಇಸವಿಯಲ್ಲಿ ಚೀಣಾದೇಶದ ಗ್ವಾಂಗ್‌ಡಾಂಗ್ ಪ್ರಾಂತದ ಸಾಕಿದ ಹೆಬ್ಬಾತುಗಳಲ್ಲಿ ಮೊದಲು ಕಂಡುಬಂದಿತು. ಮರುವರ್ಷ, ಅಂದರೆ 1997ರಲ್ಲಿ, ಹಾಂಗ್‌ಕಾಂಗ್ ಪಟ್ಟಣದಲ್ಲಿ 18 ಮಂದಿಗೆ ಅಂಟಿ ಅವರಲ್ಲಿ 6 ಮಂದಿ ಮೃತಪಟ್ಟರು. ಭಾರತದ ಕೋಳಿಗಳಲ್ಲಿ ಇದು ಮೊದಲು ಕಾಣಿಸಿಕೊಂಡದ್ದು 2006ನೆಯ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ಕರ್ನಾಟಕದಲ್ಲಿ 2012ನೆಯ ಅಕ್ಟೋಬರಿನಲ್ಲಿ ಹೆಸರಘಟ್ಟದ ಟರ್ಕಿಕೋಳಿಗಳಲ್ಲಿಯೂ, 2020ನೆಯ ಮಾರ್ಚಿಯಲ್ಲಿ ಮೈಸೂರು ಮತ್ತು ದಾವಣಗೆರೆ ಜಿಲ್ಲೆಗಳಲ್ಲಿಯೂ, 2025ನೆಯ ಇಸವಿಯ ಆರಂಭದಲ್ಲಿ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿಯೂ ಹಕ್ಕಿಜ್ವರವು ಕಂಡುಬಂದಿತು. ಕಾಡುಹಕ್ಕಿಗಳೂ ಇದರಿಂದ ಪಾರಾಗಿಲ್ಲ. 2020ರ ಕೊನೆಯಿಂದ 2021ರ ಆರಂಭದವರೆಗೆ ಹಿಮಾಚಲ ಪ್ರದೇಶದ ಪಾಂಗ್ ಜಲಾಶಯದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತವು. ಅದೇ ಜಾತಿಯ ಹೆಬ್ಬಾತುಗಳು ಪ್ರತಿವರ್ಷವೂ ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿಯುವುವೆಂಬುದನ್ನು ಇಲ್ಲಿ ಜ್ಞಾಪಿಸಿಕೊಳ್ಳಬಹುದು.

ಬೇಟೆಹಕ್ಕಿಗೆ ಈ ಜಾಡ್ಯವು ಬರುವುದು ಬಹುಮಟ್ಟಿಗೆ ಬಾಯಿಯ ಮೂಲಕ. ರೋಗದಿಂದ ಸೊರಗಿದ ಹಕ್ಕಿಯನ್ನು ಹಿಡಿಯುವುದು ಅದಕ್ಕೆ ಸುಲಭ. ಸತ್ತುಬಿದ್ದದ್ದನ್ನು ತಿನ್ನುವುದು ಇನ್ನೂ ಸುಲಭ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ 2022ರಲ್ಲಿ ಬಿಳಿತಲೆಯ ಗರುಡಗಳು ಇದರಿಂದ ಸತ್ತವು. ಡೇಗೆಗಳನ್ನು ಪಳಗಿಸುವ ಪದ್ಧತಿಯು ಇಂದಿಗೂ ಪ್ರಬಲವಾಗಿರುವ ಅರಬ್ ದೇಶಗಳಲ್ಲಿ, ಬೆಲೆಬಾಳುವ ಸಾಕಿದ ಡೇಗೆಗಳಿಗೂ ಇದು ತಗಲಿದೆ.

ಸೆರೆಸಿಕ್ಕ ಬೇಟೆಹಕ್ಕಿಯು ಜಾಡ್ಯವನ್ನು ಎಷ್ಟು ದೂರ ಒಯ್ಯಬಲ್ಲದೆಂಬುದಕ್ಕೆ 2004ನೆಯ ಅಕ್ಟೋಬರಿನಲ್ಲಿ ಬೆಲ್ಜಿಯಂ ದೇಶದಲ್ಲಿ ನಡೆದ ಸಂಗತಿಯು ಒಳ್ಳೆಯ ನಿದರ್ಶನವು. ಥಾಯ್ಲೆಂಡಿನಿಂದ ವಿಮಾನದಲ್ಲಿ ಬಂದ ಪ್ರಯಾಣಿಕನೊಬ್ಬನ ಕೈಚೀಲವನ್ನು ಬ್ರಸೆಲ್ಸ್ ನಗರದ ವಿಮಾನ ನಿಲ್ದಾಣದಲ್ಲಿ ಸುಂಕದ ಅಧಿಕಾರಿಗಳು ತಪಾಸಣೆ ಮಾಡಿದಾಗ, ಬಟ್ಟೆಯಲ್ಲಿ ಸುತ್ತಿ ಬೆತ್ತದ ಕೊಳವೆಗಳೊಳಗೆ ಅಡಗಿಸಿದ್ದ ಎರಡು ಜುಟ್ಟಿನ ಗಿಡುಗಗಳು ದೊರೆತವು. ಬೇಟೆಹಕ್ಕಿಗಳನ್ನು ಸಾಕುವ ಒಬ್ಬನಿಗಾಗಿ ಅವುಗಳನ್ನು ಕದ್ದು ತರಲಾಗಿದ್ದಿತು. ನೋಡುವುದಕ್ಕೆ ಅವುಗಳಲ್ಲಿ ರೋಗದ ಲಕ್ಷಣವೇನೂ ಇರಲಿಲ್ಲ. ಪರೀಕ್ಷಿಸಿದಾಗ ಎರಡರಲ್ಲಿಯೂ ಎಚ್5ಎನ್1 ರೋಗಾಣುವಿದ್ದಿತು. ಹಕ್ಕಿಗಳ ಹತ್ತಿರ ಹೋಗಿದ್ದವರನ್ನೆಲ್ಲಾ ಹುಡುಕಿ ವೈದ್ಯಪರೀಕ್ಷೆಗೆ ಒಳಪಡಿಸಬೇಕಾಯಿತು. ದೈವಾನುಗ್ರಹದಿಂದ ಯಾರಿಗೂ ಹಕ್ಕಿಜ್ವರ ಅಂಟಿರಲಿಲ್ಲ. ಈ ಸಂಗತಿಯಿಂದ ತಿಳಿಯಬೇಕಾದ ಪಾಠವು ಒಂದೇ: ಕಣ್ಣಿಗೆ ಆರೋಗ್ಯವಾಗಿ ಕಾಣುವ ಹಕ್ಕಿಯೆಲ್ಲವೂ ಆರೋಗ್ಯವಾದ ಹಕ್ಕಿಯಲ್ಲ. ಅಧಿಕಾರಿಗಳ ಕಣ್ಣಿಗೆ ಬಿದ್ದದ್ದರಿಂದ ಅಲ್ಲಿ ಅನಾಹುತವು ತಪ್ಪಿತು. ಹಳ್ಳಿಯ ಜಗಲಿಯಲ್ಲಿ ತಪಾಸಣೆ ಮಾಡುವ ಅಧಿಕಾರಿಯು ಯಾರೂ ಇರುವುದಿಲ್ಲ. ಮನೆಯ ಯಜಮಾನನ ವಿವೇಕವೇ ಅಲ್ಲಿಯ ತಪಾಸಣೆ.

ಇಷ್ಟು ಹೇಳಿದ ಮೇಲೆ ಭಯವನ್ನು ಮಿತಿಮೀರಿ ಬೆಳೆಸದಿರುವುದೂ ನ್ಯಾಯವು. ಮನುಷ್ಯರಿಗೆ ಹಕ್ಕಿಜ್ವರವು ಸುಲಭವಾಗಿ ಅಂಟುವುದಿಲ್ಲ. 2003ರಿಂದ ಈಚೆಗೆ ಲೋಕದಲ್ಲೆಲ್ಲಾ ಎಚ್5ಎನ್1 ಅಂಟಿದವರೆಂದು ಲೆಕ್ಕಕ್ಕೆ ಬಂದವರ ಸಂಖ್ಯೆ 900ಕ್ಕೆ ಮೇಲ್ಪಟ್ಟಿದೆ. ಅವರಲ್ಲಿ ಬಹುಪಾಲು ಜನರಿಗೆ ಅದು ತಗಲಿದುದು ಕೋಳಿ ಬಾತುಗಳ ಸಂಪರ್ಕದಿಂದಲೇ ಹೊರತು ಹದ್ದು ಗಿಡುಗಗಳಿಂದಲ್ಲ. ಅಮೆರಿಕಾದಲ್ಲಿ 2024ರಿಂದ ಈಚೆಗೆ ಇದು ತಗಲಿದ ಕೆಲಸಗಾರರಲ್ಲಿ ಹೆಚ್ಚಿನವರಿಗೆ ಕಣ್ಣುಕೆಂಪು ಮತ್ತು ಅಲ್ಪಜ್ವರಕ್ಕಿಂತ ಹೆಚ್ಚಿನ ತೊಂದರೆಯಾಗಲಿಲ್ಲ. ಆದರೆ ಮೇಲೆ ಹೇಳಿದ 900 ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ ಮೃತಪಟ್ಟಿರುವರೆಂಬುದೂ ಅಷ್ಟೇ ನಿಜ. ಭಾರತದಲ್ಲಿ 2021ನೆಯ ಜುಲೈಯಲ್ಲಿ ಹರಿಯಾಣದ 11 ವರ್ಷದ ಬಾಲಕನೊಬ್ಬನೂ, 2025ನೆಯ ಮಾರ್ಚಿಯಲ್ಲಿ ಆಂಧ್ರಪ್ರದೇಶದ ಎರಡು ವರ್ಷದ ಮಗುವೊಂದೂ ಈ ಜ್ವರದಿಂದ ಅಸುನೀಗಿದರು. ಇಬ್ಬರೂ ಮಕ್ಕಳೇ ಎಂಬುದನ್ನು ತಂದೆತಾಯಿಗಳು ಮರೆಯತಕ್ಕದ್ದಲ್ಲ. 2024ರ ಡಿಸೆಂಬರಿನಲ್ಲಿ ನಾಗಪುರದ ಗೋರೆವಾಡಾ ರಕ್ಷಣಾಕೇಂದ್ರದಲ್ಲಿ ಮೂರು ಹುಲಿಗಳೂ ಒಂದು ಚಿರತೆಯೂ ಇದೇ ರೋಗಾಣುವಿನಿಂದ ಸತ್ತವು. ಬಹಳ ಜನಕ್ಕೆ ಬಾರದ, ಬಂದರೆ ಪ್ರಾಣಕ್ಕೇ ಎರವಾಗಬಹುದಾದ ಜಾಡ್ಯವನ್ನು ಅಸಡ್ಡೆಮಾಡುವುದು ಜಾಣತನವಲ್ಲ.

ಹಕ್ಕಿಜ್ವರವನ್ನು ಬಿಟ್ಟು ಬೇರೆ ಜಾಡ್ಯಗಳೂ ಉಂಟು. ರೈತರು ಕೊಕ್ಕರೆ ರೋಗವೆಂದು ಕರೆಯುವ, ಪಶುವೈದ್ಯರು ರಾಣೀಖೇತ್ ರೋಗವೆನ್ನುವ ಕೋಳಿಯ ಜಾಡ್ಯವು ಬೇಟೆಹಕ್ಕಿಗಳಿಗೂ ತಗಲುವುದು. ಅಂಥ ಹಕ್ಕಿಯನ್ನು ಮುಟ್ಟಿದ ಕೈಯಿಂದ ಕಣ್ಣುಜ್ಜಿಕೊಂಡರೆ ಕಣ್ಣು ಕೆಂಪಗಾಗಿ ನೀರು ಸುರಿಯುವುದು. ಮನುಷ್ಯನಲ್ಲಿ ಅದು ಸಾಧಾರಣವಾಗಿ ಕೆಲವು ದಿನಗಳಲ್ಲಿ ತಾನಾಗಿಯೇ ಗುಣವಾಗುವುದು. ಆದರೆ ಅದೇ ಕೈಯು ಕೋಳಿಗೂಡಿಗೆ ಹೋದರೆ, ಲಸಿಕೆ ಹಾಕಿಸದ ಕೋಳಿಗಳಲ್ಲಿ ಅನೇಕವು ಉಳಿಯಲಾರವು. ಗಿಳಿಜ್ವರವೆಂಬುದು ಇನ್ನೊಂದು. ವೈದ್ಯರು ಇದನ್ನು ಸಿಟಕೋಸಿಸ್ ಎನ್ನುವರು. 1929 ಮತ್ತು 1930ರಲ್ಲಿ ದಕ್ಷಿಣ ಅಮೆರಿಕಾದಿಂದ ತಂದ ಗಿಳಿಗಳ ಮೂಲಕ ಯೂರೋಪಿಗೂ ಉತ್ತರ ಅಮೆರಿಕಾಕ್ಕೂ ಹರಡಿ ಇದು ಪ್ರಸಿದ್ಧವಾಯಿತು. ಹೆಸರು ಗಿಳಿಯದಾದರೂ ಪಾರಿವಾಳ, ಬಾತು, ಗಿಡುಗ ಮೊದಲಾದ ಹಕ್ಕಿಗಳಲ್ಲಿಯೂ ಈ ರೋಗಾಣುವು ಕಂಡುಬಂದಿದೆ. ಹಕ್ಕಿಯ ಹಿಕ್ಕೆಯು ಒಣಗಿ ಪುಡಿಯಾದಾಗ ಅದರ ಧೂಳು ಉಸಿರಿನೊಡನೆ ಒಳಹೊಕ್ಕು, ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಗಳೊಳಗೆ ಜ್ವರ, ತಲೆನೋವು, ಒಣಕೆಮ್ಮು, ಕೆಲವರಿಗೆ ಶ್ವಾಸಕೋಶದ ಉರಿಯೂತವನ್ನು ಉಂಟುಮಾಡುವುದು. ತಕ್ಕ ಔಷಧದಿಂದ ಇದು ಗುಣವಾಗುವುದು. ಆದರೆ ರೋಗಿಯು ಹಕ್ಕಿಯ ವಿಷಯವನ್ನು ಹೇಳದಿದ್ದರೆ ವೈದ್ಯರಿಗೆ ಇದರ ಸಂಶಯವೇ ಬಾರದೆ ಹೋಗಬಹುದು.

ಹಸಿಮಾಂಸವನ್ನು ತಿನ್ನುವ ಹಕ್ಕಿಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣುವು ಅನೇಕ ವೇಳೆ ಇರುವುದು. ಹಕ್ಕಿಗೆ ಅದರಿಂದ ಬಾಧೆಯಿರಲಿಕ್ಕಿಲ್ಲ. ಮನುಷ್ಯನ ಹೊಟ್ಟೆಗೆ ಹೋದರೆ ಜ್ವರ, ವಾಂತಿ, ಭೇದಿಗಳನ್ನು ತರುವುದು. ಗೂಬೆಯು ತಾನು ನುಂಗಿದ ಇಲಿಯ ಎಲುಬು ಕೂದಲುಗಳನ್ನು ಉಂಡೆಮಾಡಿ ಕಕ್ಕುವುದನ್ನು ರೈತರು ನೋಡಿರಬಹುದು. ಅಮೆರಿಕಾ ದೇಶದಲ್ಲಿ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಆ ಉಂಡೆಗಳನ್ನು ಬಿಡಿಸಿ ಎಲುಬುಗಳನ್ನು ಗುರುತಿಸುವ ಪಾಠವನ್ನು ಹೇಳುವ ರೂಢಿಯುಂಟು. ಅಂಥ ಪಾಠವಾದ ಮೇಲೆ ಶಾಲೆಯ ಮಕ್ಕಳು ಸಾಲ್ಮೊನೆಲ್ಲಾದಿಂದ ಗುಂಪಾಗಿ ಕಾಯಿಲೆಬಿದ್ದ ಪ್ರಸಂಗಗಳು ಈ ಶತಮಾನದ ಆರಂಭದಲ್ಲಿ ಅಲ್ಲಿ ನಡೆದವು. ಹಕ್ಕಿಯನ್ನು ಮುಟ್ಟದೆ, ಅದು ಕಕ್ಕಿದ್ದನ್ನು ಮುಟ್ಟಿದ್ದಕ್ಕೇ ಹೀಗಾದರೆ, ಹಕ್ಕಿಗೆ ಕೈಯಾರ ಮಾಂಸ ತಿನ್ನಿಸಿ ಅದೇ ಕೈಯಿಂದ ರೊಟ್ಟಿ ಮುರಿಯುವವನ ಗತಿಯನ್ನು ಬೇರೆ ಹೇಳಬೇಕಾಗಿಲ್ಲ. ಕೊನೆಯದಾಗಿ, ಕಾಲುಗುರಿನ ಗಾಯ. ಬೇಟೆಹಕ್ಕಿಯ ಆಯುಧವು ಕೊಕ್ಕಲ್ಲ, ಕಾಲು. ಉಗುರು ಚುಚ್ಚಿದ ಗಾಯದ ಬಾಯಿ ಚಿಕ್ಕದಾಗಿ ಒಳಭಾಗವು ಆಳವಾಗಿರುವುದು. ಕೊಳೆತ ಮಾಂಸದ ಮತ್ತು ಮಣ್ಣಿನ ಮಲಿನವು ಅದರೊಳಗೆ ಸೇರಿ ಕೀವಾಗಬಹುದು, ಧನುರ್ವಾಯುವೂ ಬರಬಹುದು.

ಹಕ್ಕಿಯ ಜಾಡ್ಯಗಳೆಲ್ಲವೂ ಮನುಷ್ಯನಿಗೆ ಬರುವುವೆಂದು ತಿಳಿಯುವುದೂ ತಪ್ಪು. ಸಾಕಿದ ಗಿಡುಗಗಳ ಬಾಯಲ್ಲಿ ಬೆಣ್ಣೆಯಂಥ ಹುಣ್ಣುಗಳನ್ನು ತರುವ ಒಂದು ರೋಗವುಂಟು. ಅದು ಮನುಷ್ಯನಿಗೆ ಅಂಟುವುದಿಲ್ಲ. ಹಕ್ಕಿಯ ಗರಿಯ ಹೇನುಗಳು ಮನುಷ್ಯನ ಮೈಮೇಲೆ ಬದುಕುವುದಿಲ್ಲ. ಹುಚ್ಚುನಾಯಿಯ ಕಡಿತದಿಂದ ಬರುವ ರೇಬೀಸ್ ರೋಗಕ್ಕೆ ಹಕ್ಕಿಗಳು ಕಾರಣವಲ್ಲ. ಹೆದರಬೇಕಾದದ್ದಕ್ಕೆ ಹೆದರಿ, ಬೇಡವಾದದ್ದಕ್ಕೆ ಹೆದರದಿರುವುದೇ ತಿಳಿವಳಿಕೆಯ ಲಕ್ಷಣವು.

ಈ ಮಾತುಗಳನ್ನು ಕೇಳಿ ಕೆಲವು ಹಿರಿಯರು, "ನಾವು ಹುಡುಗರಾಗಿದ್ದಾಗ ಎಷ್ಟೋ ಹದ್ದಿನ ಮರಿಗಳನ್ನು ಸಾಕಿ ಬಿಟ್ಟಿದ್ದೇವೆ, ಯಾರಿಗೂ ಏನೂ ಆಗಲಿಲ್ಲ" ಎನ್ನಬಹುದು. ಅವರ ಅನುಭವವು ಸುಳ್ಳಲ್ಲ. ಆಗಿನ ಕಾಲದ ಹಕ್ಕಿಯಲ್ಲಿ ಈಗಿನ ಜ್ವರವಿರಲಿಲ್ಲ. ಮೇಲೆ ಹೇಳಿದಂತೆ ಈ ರೋಗಾಣುವಿನ ಸಂತತಿಯು 1996ರಲ್ಲಿ ಕಂಡುಬಂದದ್ದು, ಭಾರತದ ಕೋಳಿಗಳಿಗೆ 2006ರಲ್ಲಿ ಬಂದದ್ದು. ಇದಲ್ಲದೆ, ಆಗ ಮನೆಗೆ ಹತ್ತು ನಾಟಿಕೋಳಿಗಳಿದ್ದರೆ ಹೆಚ್ಚು. ಈಗ ಒಂದೊಂದು ಊರಿನ ಆಸುಪಾಸಿನಲ್ಲಿಯೂ ಸಾವಿರಾರು ಕೋಳಿಗಳನ್ನು ಒಂದೇ ಸೂರಿನಡಿಯಲ್ಲಿ ಸಾಕುವ ಫಾರಂಗಳು ಎದ್ದಿವೆ. ಹಿಂದೆ ಒಂದು ಹಿತ್ತಲಿನಲ್ಲಿ ಮುಗಿದುಹೋಗುತ್ತಿದ್ದ ಅನಾಹುತವು ಈಗ ಇಡೀ ಹೋಬಳಿಯ ಜೀವನೋಪಾಯವನ್ನೇ ಮುಟ್ಟಬಲ್ಲದು. ಹಿರಿಯರ ಅನುಭವವನ್ನು ಗೌರವಿಸತಕ್ಕದ್ದು. ಆದರೆ ಅವರು ಕಾಣದ ಜಾಡ್ಯಕ್ಕೆ ಆ ಅನುಭವವು ಪ್ರಮಾಣವಾಗಲಾರದು.

ಇನ್ನು ಕೆಲವರು, "ಇಷ್ಟು ಅಪಾಯವಿದ್ದರೆ ಹದ್ದು ಗೂಬೆಗಳನ್ನು ಊರಿನ ಸುತ್ತ ಇರಗೊಡಿಸುವುದೇ ಬೇಡ, ಗೂಡುಗಳನ್ನು ಕೀಳಿಸಿಬಿಡೋಣ" ಎನ್ನಬಹುದು. ಇದು ಮೊದಲಿನದಕ್ಕಿಂತಲೂ ಹಾನಿಕರವಾದ ಆಲೋಚನೆಯು. ಕಣಜದ ಗೂಬೆಯೊಂದು ಒಂದು ರಾತ್ರಿಯಲ್ಲಿ ಎರಡು ಮೂರು ಇಲಿಗಳನ್ನು ಹಿಡಿಯಬಲ್ಲದು. ಮರಿಗಳಿರುವಾಗ ಇನ್ನೂ ಹೆಚ್ಚು. ಭತ್ತ, ರಾಗಿ, ಕಬ್ಬು, ತೆಂಗುಗಳಿಗೆ ಇಲಿಯಿಂದಾಗುವ ನಷ್ಟವು ಜಮೀನುದಾರರಿಗೆ ಗೊತ್ತಿಲ್ಲದ್ದಲ್ಲ. ಕೂಲಿಯಿಲ್ಲದೆ ದುಡಿಯುವ ಈ ಕಾವಲುಗಾರನನ್ನು ಕೊಲ್ಲುವವನು ತನ್ನ ಕಣಜಕ್ಕೆ ತಾನೇ ಕನ್ನ ಹಾಕಿದಂತೆ. ರಣಹದ್ದುಗಳ ಕಥೆಯು ಇದಕ್ಕಿಂತಲೂ ಕಠಿಣವಾದ ಪಾಠವನ್ನು ಕಲಿಸಿದೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫಿನಾಕ್ ಎಂಬ ನೋವಿನ ಔಷಧವು ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಹೊಟ್ಟೆಗೆ ಹೋಗಿ, 1990ರ ದಶಕದಿಂದ ಈಚೆಗೆ ಅವು ಹೆಚ್ಚುಕಡಿಮೆ ನಿರ್ಮೂಲವಾದವು. 2006ರಲ್ಲಿ ಆ ಔಷಧವನ್ನು ದನಗಳಿಗೆ ಕೊಡುವುದನ್ನು ಸರಕಾರವು ನಿಷೇಧಿಸಿತು. 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದುಗಳ ಧಾಮವೆಂದು ಕರ್ನಾಟಕ ಸರಕಾರವು ಘೋಷಿಸಿತು. ಅಷ್ಟರಲ್ಲಿ ತಿನ್ನುವವರಿಲ್ಲದೆ ಹೆಣಗಳು ಕೊಳೆತವು, ಬೀದಿನಾಯಿಗಳು ಹೆಚ್ಚಿದವು, ನೀರು ಕೆಟ್ಟಿತು. ರಣಹದ್ದುಗಳು ಇಲ್ಲವಾದ ಕಾರಣದಿಂದ 2000ದಿಂದ 2005ರವರೆಗಿನ ಅವಧಿಯಲ್ಲಿ ಸುಮಾರು ಐದು ಲಕ್ಷ ಜನರು ಹೆಚ್ಚಾಗಿ ಸತ್ತಿರಬಹುದೆಂದು 2024ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ಅಂದಾಜು ಮಾಡಿದೆ. ಬೇಟೆಹಕ್ಕಿಗಳು ಇರುವುದರಿಂದ ಬರುವ ಅಪಾಯಕ್ಕಿಂತ ಅವು ಇಲ್ಲದಿರುವುದರಿಂದ ಬರುವ ಅಪಾಯವು ದೊಡ್ಡದು.

ಹಾಗಾದರೆ ದೋಷವು ಎಲ್ಲಿದೆ? ಸತ್ಯವನ್ನು ಹೇಳುವುದಾದರೆ, ದೋಷವು ಹಕ್ಕಿಯಲ್ಲಿಲ್ಲ, ಊರಿನ ತಿಪ್ಪೆಯಲ್ಲಿದೆ. ಕಾಯಿಲೆಯಿಂದ ಸತ್ತ ಕೋಳಿಯನ್ನು ತಿಪ್ಪೆಗೂ ಹಳ್ಳಕ್ಕೂ ಕೆರೆಯ ಅಂಗಳಕ್ಕೂ ಎಸೆಯುವ ದುರಭ್ಯಾಸವು ಅನೇಕ ಊರುಗಳಲ್ಲಿ ಇನ್ನೂ ಹೋಗಿಲ್ಲ. ಕೋಳಿಯಂಗಡಿಗಳ ಕರುಳು ಪುಕ್ಕಗಳೂ ರಸ್ತೆಯ ಬದಿಗೇ ಬೀಳುವುವು. ಹದ್ದುಗಳು ಅಲ್ಲಿಗೆ ಎರಗುವುವು, ಕಾಗೆಗಳು ಮುತ್ತುವುವು, ನಾಯಿಗಳು ಎಳೆದಾಡುವುವು. ನಾಲ್ಕು ದಿನಗಳಲ್ಲಿ ಹದ್ದೊಂದು ಹಾರಲಾರದೆ ಹೊಲದಲ್ಲಿ ಬೀಳುವುದು. ಅದನ್ನು ಹುಡುಗನೊಬ್ಬನು ಎತ್ತಿಕೊಂಡು ಬರುವನು. ಹೀಗೆ ಯಜಮಾನನು ಹಿತ್ತಲ ಬಾಗಿಲಿನಿಂದ ಹೊರಗೆಸೆದ ಜಾಡ್ಯವೇ ತಲೆಬಾಗಿಲಿನಿಂದ ಮಗನ ಕೈಯಲ್ಲಿ ಮನೆಗೆ ಹಿಂದಿರುಗುವುದು. ಈ ಚಕ್ರವನ್ನು ಮುರಿಯುವ ಸಾಮರ್ಥ್ಯವು ಹಕ್ಕಿಗಿಲ್ಲ, ಹುಡುಗನಿಗಿಲ್ಲ; ಊರಿನ ಮುಖಂಡರಿಗೆ ಮಾತ್ರವೇ ಇದೆ. ಒಂದೆರಡು ಕೋಳಿ ಸತ್ತರೆ, ಬಾವಿಗೂ ಕೆರೆಗೂ ದೂರವಾಗಿ ಮೂರು ನಾಲ್ಕು ಅಡಿ ಆಳದ ಗುಂಡಿಯನ್ನು ತೆಗೆದು, ಸುಣ್ಣವನ್ನು ಹಾಕಿ, ನಾಯಿ ಕೆದಕದಂತೆ ಮಣ್ಣುಮುಚ್ಚುವ ಪದ್ಧತಿಯನ್ನು ಜಮೀನುದಾರರು ತಮ್ಮ ತೋಟಗಳಲ್ಲಿ ಮೊದಲು ಆಚರಿಸಿ ತೋರಿಸಬೇಕು. ಕೋಳಿಯಂಗಡಿಯ ಕಸಕ್ಕೆ ಗ್ರಾಮ ಪಂಚಾಯತಿಯವರು ಬೇರೆ ಸ್ಥಳವನ್ನು ಗೊತ್ತುಮಾಡಬೇಕು.

ಕೋಳಿಗಳು ಒಂದೆರಡಲ್ಲದೆ ಒಮ್ಮಿಂದೊಮ್ಮೆ ಅನೇಕವಾಗಿ ಸತ್ತರೆ, ಇಲ್ಲವೆ ಕಾಗೆ ಹದ್ದುಗಳು ಅಲ್ಲಲ್ಲಿ ಸತ್ತುಬಿದ್ದಿರುವುದು ಕಂಡುಬಂದರೆ, ಅವುಗಳನ್ನು ಮುಟ್ಟದೆ ಕೂಡಲೆ ಪಶುವೈದ್ಯರಿಗೆ ತಿಳಿಸತಕ್ಕದ್ದು. ಇಲ್ಲಿ ಒಂದು ಅಡ್ಡಿಯುಂಟೆಂಬುದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಹಕ್ಕಿಜ್ವರವೆಂದು ಸ್ಥಿರಪಟ್ಟರೆ ಸುತ್ತಲಿನ ಒಂದು ಕಿಲೋಮೀಟರಿನೊಳಗಿನ ಕೋಳಿಗಳನ್ನೆಲ್ಲಾ ಕೊಲ್ಲಿಸುವರು, ಹತ್ತು ಕಿಲೋಮೀಟರಿನವರೆಗೆ ನಿಗಾ ಇಡುವರು. ಆ ಭಯದಿಂದ ಕೋಳಿ ಸಾಕುವವರು ಸಾವನ್ನು ಮುಚ್ಚಿಟ್ಟು, ಉಳಿದದ್ದನ್ನು ಬೇಗಬೇಗನೆ ಮಾರಲು ನೋಡುವರು. ಇದು ಬಹಳ ತಪ್ಪಾದ ಲೆಕ್ಕಾಚಾರವು. ಸರಕಾರದ ಆಜ್ಞೆಯಂತೆ ಕೊಲ್ಲಿಸಿದ ಕೋಳಿಗಳಿಗೆ ಪರಿಹಾರವುಂಟು. ಜಾಡ್ಯದಿಂದ ಸತ್ತು ಗುಂಡಿ ಸೇರಿದ ಕೋಳಿಯನ್ನು ಯಾರೂ ಕೊಳ್ಳಲಾರರು. ಬೇಗ ತಿಳಿಸಿದವನಿಗೆ ನಷ್ಟವು ಕಡಿಮೆ, ಮುಚ್ಚಿಟ್ಟವನಿಗೆ ನಷ್ಟವು ಪೂರ್ಣ. ಅವನ ನೆರೆಹೊರೆಯವರಿಗೂ ಪಾಲು ಬರುವುದು. ಪರಿಹಾರವು ತಡವಾಗದೆ ರೈತನ ಕೈ ಸೇರುವಂತೆ ನೋಡಿಕೊಳ್ಳುವ ಹೊಣೆಯು ಸರಕಾರದ್ದೆಂಬುದನ್ನೂ ಇಲ್ಲಿ ಹೇಳಬೇಕು. ಹಣವು ಸಕಾಲಕ್ಕೆ ಬಂದರೆ ಸುದ್ದಿಯೂ ಸಕಾಲಕ್ಕೆ ಬರುವುದು.

ಗಾಯಗೊಂಡ ಬೇಟೆಹಕ್ಕಿಯು ಊರಿನಲ್ಲಿ ಸಿಕ್ಕಿತೆಂದಿಟ್ಟುಕೊಳ್ಳೋಣ. ಮೊದಲು ಮಕ್ಕಳನ್ನೂ ನಾಯಿಗಳನ್ನೂ ದೂರ ಕಳುಹಿಸಬೇಕು. ಪ್ರಾಯಸ್ಥನಾದ ಒಬ್ಬನೇ ಮುಂದೆ ಹೋಗಬೇಕು. ಅವನು ಮೂಗು ಬಾಯಿಗಳಿಗೆ ಬಟ್ಟೆ ಕಟ್ಟಿಕೊಂಡು, ಕೈಗೆ ದಪ್ಪನೆಯ ಕೈಚೀಲವನ್ನು ಹಾಕಿಕೊಳ್ಳಬೇಕು. ದಪ್ಪ ಕಂಬಳಿಯನ್ನಾಗಲಿ ಗೋಣಿಯನ್ನಾಗಲಿ ತಲೆಯೂ ಸೇರಿದಂತೆ ಹಕ್ಕಿಯ ಮೇಲೆ ಹೊದಿಸಿದರೆ ಕತ್ತಲಾಗಿ ಅದು ಸುಮ್ಮನಾಗುವುದು. ಆಮೇಲೆ ಬಟ್ಟೆಯ ಸಮೇತ ರೆಕ್ಕೆಗಳನ್ನೂ ಕಾಲುಗಳನ್ನೂ ಒಟ್ಟಾಗಿ ಹಿಡಿದು, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಅಥವಾ ಮುಚ್ಚಳವಿರುವ ಬುಟ್ಟಿಯಲ್ಲಿ ಇಟ್ಟು, ಮನೆಗೂ ಕೋಳಿಗೂಡಿಗೂ ದೂರವಾದ ನೆರಳಿನಲ್ಲಿ ಇರಿಸಬೇಕು. ಬಾಯಿಗೆ ನೀರು ಬಿಡಕೂಡದು. ಅದು ಶ್ವಾಸನಾಳಕ್ಕೆ ಹೋಗಿ ಹಕ್ಕಿಯು ಸಾಯಬಹುದು. ಅನ್ನ, ಹಾಲು, ಕೋಳಿಯ ಕರುಳು ಯಾವುದನ್ನೂ ತಿನ್ನಿಸುವ ಅಗತ್ಯವಿಲ್ಲ. ಅರಣ್ಯ ಇಲಾಖೆಯ 1926 ಎಂಬ ಸಹಾಯವಾಣಿಗಾಗಲಿ, ಪಶುವೈದ್ಯಸೇವೆಯ 1962 ಎಂಬ ಸಂಖ್ಯೆಗಾಗಲಿ ದೂರವಾಣಿಯ ಮೂಲಕ ತಿಳಿಸಿ, ಅವರು ಹೇಳಿದಂತೆ ನಡೆಯಬೇಕು. ಕಾಡುಪ್ರಾಣಿ ಕೈಗೆ ಸಿಕ್ಕಿದ 48 ಗಂಟೆಗಳೊಳಗೆ ಅಧಿಕಾರಿಗಳಿಗೆ ತಿಳಿಸಬೇಕೆಂಬುದು ಮೇಲೆ ಹೇಳಿದ ಕಾಯಿದೆಯ ವಿಧಿಯೂ ಆಗಿದೆ. ಕಾಯಿದೆಯನ್ನು ಬದಿಗಿಟ್ಟರೂ, ಆರೋಗ್ಯದ ದೃಷ್ಟಿಯಿಂದ 48 ಗಂಟೆಗಳೂ ಹೆಚ್ಚೇ. ಅಂದಿನ ದಿನವೇ ಕಳುಹಿಸುವುದು ಉತ್ತಮವು.

ಹಕ್ಕಿಯು ಹೋದ ಮೇಲೆ ಮುಟ್ಟಿದವನು ಕೈಗಳನ್ನು ಸಾಬೂನಿನಿಂದ ಚೆನ್ನಾಗಿ ತೊಳೆದು, ಬಟ್ಟೆಗಳನ್ನು ಬೇರೆಯಾಗಿ ಒಗೆಯಿಸಿ, ಸ್ನಾನಮಾಡಬೇಕು. ಅಂದು ಅವನು ಕೋಳಿಗೂಡಿಗೆ ಹೋಗದಿರುವುದು ಲೇಸು. ಹಿಕ್ಕೆ ಬಿದ್ದ ಜಾಗವನ್ನು ಒಣಗಿದಂತೆಯೇ ಗುಡಿಸಕೂಡದು. ಬ್ಲೀಚಿಂಗ್ ಪುಡಿ ಕದಡಿದ ನೀರನ್ನು ಮೊದಲು ಚಿಮುಕಿಸಿ, ನೆನೆದ ಮೇಲೆ ಬಳಿದು ಹೂಳಬೇಕು. ಉಗುರು ತಗಲಿ ಗಾಯವಾಗಿದ್ದರೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ತೊಳೆದು, ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಧನುರ್ವಾಯುವಿನ ಚುಚ್ಚುಮದ್ದಿನ ಅವಶ್ಯಕತೆಯನ್ನು ವಿಚಾರಿಸಬೇಕು. ಅರಿಶಿನ ಬಳಿದು ಸುಮ್ಮನಿರುವುದು ಸಾಲದು. ಮುಂದಿನ ಎರಡು ವಾರಗಳಲ್ಲಿ ಜ್ವರ, ಕೆಮ್ಮು, ಕಣ್ಣುಕೆಂಪು, ಉಸಿರಾಟದ ತೊಂದರೆ ಯಾವುದಾದರೂ ಕಂಡುಬಂದರೆ ತಡಮಾಡದೆ ವೈದ್ಯರ ಬಳಿಗೆ ಹೋಗಿ, "ಇಂಥ ದಿನ ಇಂಥ ಹಕ್ಕಿಯನ್ನು ಮುಟ್ಟಿದ್ದೆ" ಎಂದು ಮೊದಲ ಮಾತಿನಲ್ಲಿಯೇ ಹೇಳಬೇಕು. ಆ ಒಂದು ಮಾತು ಎಷ್ಟೋ ವೇಳೆ ಔಷಧದಷ್ಟೇ ಬೆಲೆಯುಳ್ಳದ್ದು. ಗರ್ಭಿಣಿಯರೂ, ವೃದ್ಧರೂ, ಸಕ್ಕರೆ ಕಾಯಿಲೆ ಮೊದಲಾದವುಗಳಿಂದ ಬಳಲುವವರೂ ಇಂಥ ಕೆಲಸಕ್ಕೆ ಕೈಹಾಕಲೇಕೂಡದು.

ಸಂತೆಯಲ್ಲಿ ಗೂಬೆಯನ್ನೋ ಗಿಡುಗದ ಮರಿಯನ್ನೋ ಗುಟ್ಟಾಗಿ ಮಾರುವವರು ಬಂದರೆ, ಕನಿಕರದಿಂದಲೂ ಕೊಳ್ಳಕೂಡದೆಂಬುದನ್ನು ಮುಖಂಡರು ಎಲ್ಲರಿಗೂ ತಿಳಿಸಬೇಕು. ಒಂದನ್ನು ಕೊಂಡು ಬಿಡಿಸಿದರೆ, ಆ ಹಣದಿಂದ ಇನ್ನೆರಡನ್ನು ಹಿಡಿದು ತರುವರು. ದೊಡ್ಡ ಮನೆಯ ತೊಟ್ಟಿಯಲ್ಲಿ ಗಿಡುಗವನ್ನು ಕಟ್ಟಿದ್ದರೆ ಸಣ್ಣ ಮನೆಯ ಹುಡುಗನು ಗೂಡು ಹತ್ತುವನು. ದೊಡ್ಡ ಮನೆಯ ಕೋಳಿಯು ತಿಪ್ಪೆಗೆ ಬಿದ್ದರೆ ಸಣ್ಣ ಮನೆಯದೂ ಅಲ್ಲಿಗೇ ಬೀಳುವುದು. ಹಳ್ಳಿಯಲ್ಲಿ ಆಜ್ಞೆಗಿಂತ ಆಚರಣೆಯು ಬೇಗ ಹರಡುವುದೆಂಬುದನ್ನು ಅನುಭವಸ್ಥರೆಲ್ಲರೂ ಬಲ್ಲರು.

ಮೇಲ್ಕಂಡ ಕ್ರಮಗಳಲ್ಲಿ ಹೆಚ್ಚಿನ ಖರ್ಚಿನದು ಯಾವುದೂ ಇಲ್ಲ. ಒಂದು ಗೋಣಿ, ಒಂದು ಬುಟ್ಟಿ, ಒಂದು ಸಾಬೂನು, ಒಂದು ಗುಂಡಿ, ದೂರವಾಣಿಯ ಎರಡು ಸಂಖ್ಯೆಗಳು, ಇಷ್ಟೇ ಸಾಕು. ಆ ಎರಡು ಸಂಖ್ಯೆಗಳನ್ನು ಪಂಚಾಯತಿ ಕಚೇರಿಯ ಗೋಡೆಯ ಮೇಲೂ ಶಾಲೆಯ ಗೋಡೆಯ ಮೇಲೂ ದೊಡ್ಡ ಅಕ್ಷರಗಳಲ್ಲಿ ಬರೆಯಿಸುವುದು, ಸತ್ತ ಕೋಳಿಗಾಗಿ ಗುಂಡಿಯ ಸ್ಥಳವನ್ನು ಗೊತ್ತುಮಾಡುವುದು, ಇವೆರಡನ್ನು ಮುಖಂಡರು ಮುಂದಿನ ಗ್ರಾಮಸಭೆಯೊಳಗಾಗಿ ನೆರವೇರಿಸಿದರೆ ಈ ವಿಷಯದಲ್ಲಿ ಮಾಡಬೇಕಾದ ಕೆಲಸದ ಮುಕ್ಕಾಲು ಪಾಲು ಆದಂತೆಯೇ ಸರಿ. ಹದ್ದು ಆಕಾಶದಲ್ಲಿರುವಾಗ ರೈತನ ಮಿತ್ರನು. ಕೆಳಗೆ ಬಿದ್ದಾಗ ಅದಕ್ಕೆ ಉಪಕಾರ ಮಾಡತಕ್ಕದ್ದು ಧರ್ಮವೇ. ಆದರೆ ಅದನ್ನು ಮನೆಯೊಳಗೆ ಇರಿಸಿಕೊಳ್ಳುವುದು ಉಪಕಾರವಲ್ಲ. ತಿಳಿದವರ ಕೈಗೆ ಬೇಗನೆ ಒಪ್ಪಿಸುವುದೇ ಹಕ್ಕಿಗೂ, ಕೋಳಿಗೂ, ಮನೆಯ ಮಕ್ಕಳಿಗೂ ಒಟ್ಟಾಗಿ ಮಾಡುವ ಉಪಕಾರವು.